ಒಂದೇ ನೂರು ಡಾಲರ್, ನಾಲ್ಕು ಲೆಕ್ಕ: ಸಿಂಗಪುರದಲ್ಲಿ ಕಾರ್ಡುಗಳ ಹೋಲಿಕೆ

2025ರ ಮೇ ತಿಂಗಳಲ್ಲಿ ಮಗಳ ಮನೆಗೆಂದು ಎರಡನೆಯ ಬಾರಿ ಸಿಂಗಪುರಕ್ಕೆ ಹೋದಾಗ, ಅಲ್ಲಿನ ಖರ್ಚಿಗೆ ಯಾವ ಕಾರ್ಡು ನಿಜವಾಗಿಯೂ ಅಗ್ಗ ಎಂಬುದನ್ನು ಜಾಹೀರಾತು ನಂಬಿ ಅಲ್ಲದೆ ನನ್ನದೇ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ತಿಳಿಯಬೇಕೆಂದು ನಿಶ್ಚಯಿಸಿದ್ದೆ. ಜೇಬಿನಲ್ಲಿ ಮೂರು ಕಾರ್ಡುಗಳಿದ್ದವು. ಮೊದಲನೆಯದು ಹತ್ತು ವರ್ಷಗಳಿಂದ ಬಳಸುತ್ತಿರುವ ಸಾಧಾರಣ ಕ್ರೆಡಿಟ್ ಕಾರ್ಡು. ಎರಡನೆಯದು ವಿದೇಶಿ ವಿನಿಮಯಕ್ಕೆ ಶುಲ್ಕವೇ ಇಲ್ಲವೆಂಬ ಕಾರಣಕ್ಕೆ 2023ರ ಮೊದಲ ಪ್ರಯಾಣಕ್ಕೆ ಮುನ್ನ ಪಡೆದುಕೊಂಡದ್ದು. ಮೂರನೆಯದು ಮೊದಲೇ ಸಿಂಗಪುರ ಡಾಲರ್ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡು. ಬ್ಯಾಂಕುಗಳ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಇಂದಿನ ಷರತ್ತು ಆರು ತಿಂಗಳ ನಂತರವೂ ಇರುತ್ತದೆಂಬ ಭರವಸೆ ಇಲ್ಲದಿರುವಾಗ, ಹೆಸರು ನೋಡಿ ಕಾರ್ಡು ಆರಿಸಿಕೊಂಡವರಿಗೆ ಈ ಬರಹದಿಂದಲೇ ನಷ್ಟವಾಗಬಹುದು.

ಸೆರಂಗೂನ್ ರಸ್ತೆಯ ಆಸುಪಾಸಿನಲ್ಲಿ ಒಂದೇ ದಿನ, ಪ್ರತಿ ಬಾರಿಯೂ ಸರಿಸುಮಾರು ನೂರು ಡಾಲರ್ ಆಗುವಂತೆ ದಿನಸಿಯನ್ನೂ ಮನೆಗೆ ಬೇಕಾದ ಇತರ ಸಾಮಾನನ್ನೂ ಕೊಂಡೆವು. ಆ ದಿನ ಕಾರ್ಡ್ ನೆಟ್‌ವರ್ಕ್ (ವೀಸಾ, ಮಾಸ್ಟರ್‌ಕಾರ್ಡ್‌ಗಳಂಥ ಪಾವತಿ ಜಾಲ) ಪ್ರಕಟಿಸಿದ್ದ ದರ ಡಾಲರಿಗೆ 65 ರೂಪಾಯಿಯ ಹತ್ತಿರವಿತ್ತು. ಲೆಕ್ಕ ಸುಲಭವಾಗಲೆಂದು ದರವನ್ನು 65 ಎಂದೇ ಹಿಡಿದು, ಎಲ್ಲ ಮೊತ್ತಗಳನ್ನೂ ನೂರು ಡಾಲರಿಗೆ ಇಳಿಸಿ ಬರೆಯುತ್ತಿದ್ದೇನೆ. ಯಾವ ಶುಲ್ಕವೂ ಇಲ್ಲದಿದ್ದರೆ ತೆರಬೇಕಾದದ್ದು 6,500 ರೂಪಾಯಿ.

ಹಳೆಯ ಕಾರ್ಡಿನಲ್ಲಿ ತೆತ್ತದ್ದು 6,768 ರೂಪಾಯಿ 45 ಪೈಸೆ. ನಮ್ಮ ದೇಶದ ಬಹಳಷ್ಟು ಕ್ರೆಡಿಟ್ ಕಾರ್ಡುಗಳಂತೆ ಇದರಲ್ಲಿಯೂ ಮಾರ್ಕಪ್, ಅಂದರೆ ವಿದೇಶಿ ವಿನಿಮಯಕ್ಕೆ ಬ್ಯಾಂಕು ಹಾಕುವ ಶುಲ್ಕ, ಶೇಕಡ 3.5. ಆ ಮಾರ್ಕಪ್ಪಿನ ಮೇಲೆ ಶೇಕಡ 18ರ ಜಿಎಸ್‌ಟಿ ಬೀಳುವುದರಿಂದ ನಿಜವಾದ ಹೊರೆ ಶೇಕಡ 4.13. ಸ್ಟೇಟ್‌ಮೆಂಟಿನಲ್ಲಿ ಈ ಮೂರು ಮೊತ್ತಗಳು ಒಂದೇ ಸಾಲಿನಲ್ಲಿ ಇರಲಿಲ್ಲ. ಖರೀದಿಯ ಮೊತ್ತ ಒಂದು ಕಡೆ, ಮಾರ್ಕಪ್ 227 ರೂಪಾಯಿ 50 ಪೈಸೆ ಎರಡು ದಿನ ನಂತರದ ಸಾಲಿನಲ್ಲಿ, ಜಿಎಸ್‌ಟಿ 40 ರೂಪಾಯಿ 95 ಪೈಸೆ ಇನ್ನೂ ಕೆಳಗೆ ಬಂದಿದ್ದವು. ಹತ್ತಾರು ಖರೀದಿಗಳಿದ್ದ ತಿಂಗಳಲ್ಲಿ ಯಾವ ಶುಲ್ಕ ಯಾವ ಖರೀದಿಯದು ಎಂದು ಹೊಂದಿಸಲು ಪೆನ್ಸಿಲು ಹಿಡಿದು ಕೂರಬೇಕಾಯಿತು.

ಅದೇ ಹಳೆಯ ಕಾರ್ಡಿನಿಂದ ಇನ್ನೊಂದು ಅಂಗಡಿಯಲ್ಲಿ ಮಾಡಿದ ಪಾವತಿ ಎಲ್ಲಕ್ಕಿಂತ ದುಬಾರಿಯಾಯಿತು. ಕಾರ್ಡು ಮುಟ್ಟಿಸಿದ ಕೂಡಲೆ ಯಂತ್ರದ ಪರದೆಯ ಮೇಲೆ ಎರಡು ಆಯ್ಕೆಗಳು ಮೂಡಿದವು: ಮೇಲೆ ರೂಪಾಯಿ 6,825, ಕೆಳಗೆ ನೂರು ಡಾಲರ್. ನಮ್ಮ ದೇಶದ ನಾಣ್ಯವನ್ನು ಕಂಡೊಡನೆ ಮನಸ್ಸಿಗೆ ಒಂದು ಬಗೆಯ ಭದ್ರತೆ ಅನ್ನಿಸುತ್ತದೆ. ನಾನು ಮೇಲಿನದನ್ನೇ ಒತ್ತಿದೆ. ಪಕ್ಕದಲ್ಲಿದ್ದ ಮಗಳು "ಅಪ್ಪಾ, ಯಾವಾಗಲೂ ಡಾಲರ್ ಅಂತಲೇ ಒತ್ತಬೇಕು" ಎನ್ನುವಷ್ಟರಲ್ಲಿ ಚೀಟಿ ಹೊರಬಂದಿತ್ತು. ಅದರ ಕೆಳಭಾಗದ ಸಣ್ಣ ಅಕ್ಷರಗಳಲ್ಲಿ ವಿನಿಮಯ ದರ 68.25 ಎಂದೂ, ನನಗೆ ಆಯ್ಕೆಯ ಅವಕಾಶ ನೀಡಲಾಗಿತ್ತು, ನಾನು ರೂಪಾಯಿಯನ್ನು ಒಪ್ಪಿಕೊಂಡೆ ಎಂದೂ ಮುದ್ರಿತವಾಗಿತ್ತು. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಇಲ್ಲಿ ದರ ನಿಗದಿ ಮಾಡುವುದು ಕಾರ್ಡ್ ನೆಟ್‌ವರ್ಕ್ ಅಲ್ಲ. ಅಂಗಡಿಯ ಯಂತ್ರಕ್ಕೆ ಸೇವೆ ಒದಗಿಸುವ ಸಂಸ್ಥೆ, ಮತ್ತು ಆ ದರದೊಳಗೇ ಅವರ ಲಾಭವೂ ಸೇರಿರುತ್ತದೆ. ಸಂಗತಿ ಅಷ್ಟಕ್ಕೇ ಮುಗಿಯಲಿಲ್ಲ. ವಿದೇಶದಲ್ಲಿ ರೂಪಾಯಿಯಲ್ಲೇ ಪಾವತಿಯಾದರೆ ಶೇಕಡ 1ರ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಎಂಬ ಷರತ್ತು ನನ್ನ ಬ್ಯಾಂಕಿನದು, ಆದ್ದರಿಂದ ಇನ್ನೂ 80 ರೂಪಾಯಿ 54 ಪೈಸೆ ಸೇರಿ ಒಟ್ಟು 6,905 ರೂಪಾಯಿ 54 ಪೈಸೆ ಆಯಿತು. ಶುಲ್ಕವಿಲ್ಲದ ಲೆಕ್ಕಕ್ಕಿಂತ ಇದು ಶೇಕಡ 6.2ರಷ್ಟು ಹೆಚ್ಚು. ಶೂನ್ಯ ಮಾರ್ಕಪ್ಪಿನ ಕಾರ್ಡು ಕೈಯಲ್ಲಿದ್ದರೂ ಈ ಗುಂಡಿಯನ್ನು ಒತ್ತಿದರೆ ಅದರ ಪ್ರಯೋಜನ ಪೂರ್ತಿ ಕೈಬಿಟ್ಟು ಹೋಗುತ್ತದೆ.

ಇದೇ ಶುಲ್ಕ ಮೈಸೂರಿನ ಮನೆಯಲ್ಲಿ ಕುಳಿತವರನ್ನೂ ತಟ್ಟಬಹುದು. ಹೋಟೆಲ್ ಕಾಯ್ದಿರಿಸುವ ತಾಣವೋ, ಮೊಬೈಲಿನ ಯಾವುದೋ ಆ್ಯಪಿನ ಚಂದಾವೋ ಬೆಲೆಯನ್ನು ರೂಪಾಯಿಯಲ್ಲೇ ತೋರಿಸುತ್ತಿದ್ದರೂ, ಹಣ ಪಡೆಯುವ ಸಂಸ್ಥೆ ಹೊರದೇಶದಲ್ಲಿ ನೋಂದಣಿಯಾಗಿದ್ದರೆ ಅನೇಕ ಬ್ಯಾಂಕುಗಳು ಅದನ್ನು ವಿದೇಶಿ ವ್ಯವಹಾರವೆಂದೇ ಎಣಿಸುತ್ತವೆ. ನಮ್ಮ ಸಿಂಗಪುರದ ಎರಡು ರಾತ್ರಿಯ ಹೋಟೆಲಿಗೆ ಊರಿನಿಂದಲೇ ರೂಪಾಯಿಯಲ್ಲಿ ಕಟ್ಟಿದ ಹಣಕ್ಕೂ ಈ ಶೇಕಡ 1 ಬಿದ್ದಿತ್ತು.

ಫಾರೆಕ್ಸ್ ಕಾರ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಹೊರಡುವ ಮುನ್ನ 500 ಡಾಲರ್ ತುಂಬಿಸಿದ್ದೆ. ನೆಟ್‌ವರ್ಕಿನ ದರ ಅಂದೂ 65ರ ಆಸುಪಾಸಿನಲ್ಲೇ ಇದ್ದರೂ ಬ್ಯಾಂಕು ನನಗೆ ಮಾರಿದ್ದು 66.10ರ ದರದಲ್ಲಿ. ಅಲ್ಲಿಗೆ 33,050 ರೂಪಾಯಿ. ವಿದೇಶಿ ಹಣ ಕೊಳ್ಳುವಾಗ ಒಂದು ಲಕ್ಷ ರೂಪಾಯಿಯವರೆಗೆ ಮೊತ್ತದ ಶೇಕಡ 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯವೆಂದು ಪರಿಗಣಿಸಿ ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಹಾಕುತ್ತಾರೆ. ನನಗೆ ಅದು 59 ರೂಪಾಯಿ 49 ಪೈಸೆ ಆಯಿತು. ತುಂಬಿಸುವ ಶುಲ್ಕ ತೆರಿಗೆ ಸೇರಿ 118. ಎಲ್ಲವನ್ನೂ ಕೂಡಿ ಐದರಿಂದ ಭಾಗಿಸಿದರೆ ನೂರು ಡಾಲರಿಗೆ 6,645 ರೂಪಾಯಿ 50 ಪೈಸೆ. ಮಾರ್ಕಪ್ ಎಂಬ ಮಾತೇ ಇಲ್ಲದ ಕಾರ್ಡಿನಲ್ಲಿ, ಕೊಳ್ಳುವ ದರದೊಳಗೆ ಅಡಗಿದ ಹೊರೆ ಶೇಕಡ 2.2.

ಇದರ ಒಳ್ಳೆಯ ಗುಣವೆಂದರೆ ದರ ಅಂದೇ ನಿಗದಿಯಾಗಿಬಿಡುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಶುಕ್ರವಾರ ಸ್ವೈಪ್ ಮಾಡಿದ್ದು ಸೋಮವಾರ ಇತ್ಯರ್ಥವಾದಾಗ ದರ ಬದಲಾಗಿರಬಹುದು; ಇಲ್ಲಿ ಆ ಆತಂಕವಿಲ್ಲ. ಓದಲು ಹೋಗುವ ಮಕ್ಕಳಿಗೆ ಮಿತಿಯೊಳಗೆ ಹಣ ಕೊಟ್ಟು ಕಳಿಸಲೂ ಇದು ಅನುಕೂಲ. ಆದರೆ ಇದರಲ್ಲಿ ತುಂಬಿಸುವ ಹಣ ಉದಾರೀಕೃತ ರವಾನೆ ಯೋಜನೆಯ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ವ್ಯವಸ್ಥೆ) ಲೆಕ್ಕಕ್ಕೆ ಸೇರುತ್ತದೆ; ವರ್ಷಕ್ಕೆ ಅಂಥ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ ಟಿಸಿಎಸ್, ಅಂದರೆ ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆ, ಬೀಳುತ್ತದೆ. 2025ರ ಏಪ್ರಿಲ್ 1ಕ್ಕೆ ಮುಂಚೆ ಈ ಮಿತಿ 7 ಲಕ್ಷವಿತ್ತು. ವಿದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಿಂದ ಮಾಡುವ ಖರ್ಚನ್ನೂ ಇದಕ್ಕೆ ಸೇರಿಸುವ ಆದೇಶ 2023ರ ಮೇ ತಿಂಗಳಲ್ಲಿ ಬಂದಿತ್ತಾದರೂ ಜೂನ್ ಕೊನೆಯಲ್ಲಿ ಸರ್ಕಾರ ಅದನ್ನು ಮುಂದೂಡಿತು.

ಫಾರೆಕ್ಸ್ ಕಾರ್ಡಿನ ತೊಂದರೆ ತಿಳಿದದ್ದು ಕೊನೆಯಲ್ಲಿ. ಒಂದು ಭಾನುವಾರ ಸೇತುವೆ ದಾಟಿ ಮಲೇಷ್ಯಾದ ಜೊಹೊರ್ ಬಹ್ರುವಿಗೆ ಹೋಗಿದ್ದಾಗ ಅದೇ ಕಾರ್ಡಿನಿಂದ ರಿಂಗಿಟ್‌ನಲ್ಲಿ ಊಟದ ಬಿಲ್ಲು ಕೊಟ್ಟೆ. ತುಂಬಿಸಿದ ನಾಣ್ಯ ಬೇರೆ, ಕೊಟ್ಟ ನಾಣ್ಯ ಬೇರೆಯಾದ್ದರಿಂದ ಶೇಕಡ 3.5ರ ಶುಲ್ಕ ಕಡಿತವಾಯಿತು. ಊರಿಗೆ ಮರಳಿದಾಗ ಉಳಿದಿದ್ದ 38 ಡಾಲರನ್ನು ಬ್ಯಾಂಕು 63.60ರ ದರದಲ್ಲಿ ಹಿಂದಕ್ಕೆ ಪಡೆಯಿತು. 66.10ಕ್ಕೆ ಕೊಂಡದ್ದನ್ನು 63.60ಕ್ಕೆ ಮಾರಿದಂತಾಗಿ 95 ರೂಪಾಯಿ ಹೋಯಿತು. ಇದನ್ನೂ ಖರ್ಚಿಗೆ ಹಚ್ಚಿದರೆ, ರಿಂಗಿಟ್ಟಿನ ಶುಲ್ಕವನ್ನು ಬಿಟ್ಟರೂ, ನೂರು ಡಾಲರಿನ ಬೆಲೆ 6,669 ರೂಪಾಯಿಗೆ ಏರುತ್ತದೆ.

ಇನ್ನು ಎರಡನೆಯ ಕಾರ್ಡು. 2023ರಲ್ಲಿ ಇದರ ಸ್ಟೇಟ್‌ಮೆಂಟ್ ನೋಡಿ ನನಗೆ ನಿಜಕ್ಕೂ ಸಂತೋಷವಾಗಿತ್ತು: ನೆಟ್‌ವರ್ಕಿನ ದರ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಈ ಬಾರಿಯೂ ನೂರು ಡಾಲರಿಗೆ 6,500 ರೂಪಾಯಿಯನ್ನೇ ನಿರೀಕ್ಷಿಸಿದ್ದೆ. ಬಂದದ್ದು 6,652 ರೂಪಾಯಿ 63 ಪೈಸೆ. ಕಸ್ಟಮರ್ ಕೇರಿಗೆ ಕರೆ ಮಾಡಿದಾಗ, ಮಾರ್ಚ್ 1ರಿಂದ ಮಾರ್ಕಪ್ ಶೇಕಡ 1.99 ಆಗಿದೆ, ಜನವರಿಯಲ್ಲೇ ತಿಳಿಸಿದ್ದೇವೆ ಎಂಬ ಉತ್ತರ ಸಿಕ್ಕಿತು. ಹುಡುಕಿದೆ. ಸಂದೇಶವೇನೋ ಇತ್ತು. ಷರತ್ತುಗಳನ್ನು ಪರಿಷ್ಕರಿಸಲಾಗಿದೆ, ವಿವರಗಳಿಗೆ ಕೊಂಡಿ ಒತ್ತಿ ಎಂಬ ಒಂದೇ ಸಾಲು. ಒತ್ತಿದರೆ ಹಲವು ಪುಟಗಳ ಕಡತ, ಅದರ ನಡುವಿನ ಒಂದು ಕೋಷ್ಟಕದಲ್ಲಿ ಶೂನ್ಯವಿದ್ದ ಜಾಗಕ್ಕೆ 1.99 ಬಂದಿತ್ತು. ಈ ಕಾರ್ಡನ್ನು ನಾನು ಪಡೆದದ್ದೇ ಆ ಒಂದು ಅಂಕಿಗಾಗಿ. ಅದು ಬದಲಾದ ವಿಷಯವನ್ನು ಸಂದೇಶದ ಮೊದಲ ಸಾಲಿನಲ್ಲೇ ಹೇಳಬೇಕಿತ್ತು ಎಂಬ ನನ್ನ ಅಸಮಾಧಾನ ಇಂದಿಗೂ ಹೋಗಿಲ್ಲ.

ಹೀಗಾಗಿ 2023ರಲ್ಲಿ ಯಾವ ಪೈಪೋಟಿಯೂ ಇಲ್ಲದೆ ಮುಂದಿದ್ದ ಕಾರ್ಡು, 2025ರಲ್ಲಿ ಫಾರೆಕ್ಸ್ ಕಾರ್ಡಿಗಿಂತ ನೂರು ಡಾಲರಿಗೆ ಏಳು ರೂಪಾಯಿ ದುಬಾರಿ. ಫಾರೆಕ್ಸ್ ಕಾರ್ಡಿನಲ್ಲಿ ನನ್ನಂತೆ ಸ್ವಲ್ಪ ಹಣ ಖರ್ಚಾಗದೆ ಉಳಿದರೆ ಹದಿನಾರು ರೂಪಾಯಿ ಅಗ್ಗ. ಅಂದರೆ ಎರಡೂ ಈಗ ಸರಿಸಮ.

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ, ಆಗ ಜಾರಿಯಲ್ಲಿದ್ದ ಕಾರ್ಡುಗಳ ಕುರಿತ ನಿರ್ದೇಶನದ ಪ್ರಕಾರ, ಶುಲ್ಕ ಬದಲಿಸುವ ಮುನ್ನ ಬ್ಯಾಂಕು ಕನಿಷ್ಠ ಒಂದು ತಿಂಗಳ ಮುಂಗಡ ಸೂಚನೆ ನೀಡಬೇಕು, ಮತ್ತು ಬದಲಾವಣೆ ಮುಂದಿನ ವ್ಯವಹಾರಗಳಿಗಷ್ಟೇ ಅನ್ವಯಿಸಬೇಕು. ಈ ಎರಡನ್ನೂ ನನ್ನ ಬ್ಯಾಂಕು ಪಾಲಿಸಿತ್ತು, ಹಾಗಾಗಿ ಹಣ ಹಿಂತಿರುಗಿಸಿ ಎಂದು ಕೇಳಲು ಆಧಾರವಿರಲಿಲ್ಲ. ಆದರೆ ಬದಲಾದ ಶುಲ್ಕ ತನಗೆ ಪ್ರತಿಕೂಲವೆಂದು ಗ್ರಾಹಕ ಕಾರ್ಡನ್ನು ಮರಳಿಸಲು ಬಯಸಿದರೆ, ಬಾಕಿ ತೀರಿಸಿದ ಮೇಲೆ ಯಾವ ಹೆಚ್ಚುವರಿ ಶುಲ್ಕವನ್ನೂ ಕೇಳದೆ ಅದಕ್ಕೆ ಅವಕಾಶ ಕೊಡಬೇಕೆಂದೂ ಅದೇ ನಿರ್ದೇಶನದಲ್ಲಿತ್ತು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚುವ ಕೋರಿಕೆಯನ್ನು ಏಳು ಕೆಲಸದ ದಿನಗಳೊಳಗೆ ಪೂರೈಸಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗ್ರಾಹಕರಿಗೆ ದಂಡ ತೆರಬೇಕು. ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲಿ ದಿನಾಂಕ ನಮೂದಿಸಿ, ಪ್ರತಿಕೂಲ ಬದಲಾವಣೆಯೇ ಕಾರಣವೆಂದು ಸ್ಪಷ್ಟವಾಗಿ ಬರೆದು ಕೋರಿಕೆ ಸಲ್ಲಿಸಿದೆ. ಎರಡು ಕರೆಗಳು ಬಂದವು, ವಾರ್ಷಿಕ ಶುಲ್ಕ ಬಿಡುತ್ತೇವೆಂದರು. ಐದನೆಯ ಕೆಲಸದ ದಿನ ಕಾರ್ಡು ಮುಚ್ಚಿದ ದೃಢೀಕರಣ ಬಂತು.

ಈಗ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಇನ್ನೊಂದು ಶೂನ್ಯ ಮಾರ್ಕಪ್ಪಿನ ಕಾರ್ಡನ್ನು ಪಡೆದಿದ್ದೇನೆ. ಅದರ ಷರತ್ತುಗಳ ಕಡತವನ್ನು ಮುದ್ರಿಸಿ, ಮಾರ್ಕಪ್ ಇರುವ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ. ಮುಂದಿನ ಬಾರಿ ಟಿಕೆಟ್ ಮಾಡಿಸಿದ ದಿನ ಬ್ಯಾಂಕಿನ ತಾಣದಲ್ಲಿರುವ ಕಡತದೊಂದಿಗೆ ಅದನ್ನು ಸಾಲುಸಾಲಾಗಿ ಹೋಲಿಸಿ ನೋಡುವೆ. ಹಳೆಯ ಕಾರ್ಡಿನಲ್ಲಿ ವಿದೇಶಿ ಪಾವತಿಯ ಸೌಲಭ್ಯವನ್ನು ಆ್ಯಪಿನಲ್ಲೇ ನಿಲ್ಲಿಸಿದ್ದೇನೆ.