ಒಂದೇ ದರವೋ, ಏರುವ ದರವೋ: ತೆರಿಗೆ ನ್ಯಾಯ ಕುರಿತ ಆನ್‌ಲೈನ್ ಕೋರ್ಸೊಂದರ ವಿಮರ್ಶೆ

ಹೆಚ್ಚು ಗಳಿಸುವವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಬೇಕು ಎಂಬುದು ನನ್ನ ಬಹುಕಾಲದ ನಂಬಿಕೆ. ಆದರೆ ಏಕೆ ಎಂದು ಯಾರಾದರೂ ಕೇಳಿದರೆ ನನ್ನ ವಾದ ಎರಡು ವಾಕ್ಯ ದಾಟುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲೆಂದೇ ಈ ಕೋರ್ಸಿಗೆ ಸೇರಿದೆ. ಒಟ್ಟು ಹತ್ತು ಪಾಠಗಳಲ್ಲಿ ಮೊದಲ ಆರು ವ್ಯಕ್ತಿಗಳ ಆದಾಯ ತೆರಿಗೆಗೂ ಉಳಿದ ನಾಲ್ಕು ಕಾರ್ಪೊರೇಟ್ ತೆರಿಗೆಗೂ ಮೀಸಲಾಗಿವೆ. ಪಾಠಗಳ ಜೊತೆಗೆ ಒಂದು ಲೆಕ್ಕದ ಹಾಳೆಯನ್ನೂ ಕೊಡುತ್ತಾರೆ; ದರ, ಸ್ಲ್ಯಾಬ್ ಮತ್ತು ವಿನಾಯಿತಿ ಮಿತಿಗಳನ್ನು ನಾವೇ ಬದಲಾಯಿಸಿ, ಯಾರ ಹೊರೆ ಎಷ್ಟಾಗುತ್ತದೆ ಎಂದು ಅದರಲ್ಲಿ ನೋಡಬಹುದು.

ಕೋರ್ಸಿನ ನಿಜವಾದ ಬೆಲೆ ಇರುವುದು ಆ ಹಾಳೆಯಲ್ಲಿ. ಮೊದಲ ಲಕ್ಷಕ್ಕೆ ತೆರಿಗೆ ಇಲ್ಲ, ಒಂದರಿಂದ ಮೂರು ಲಕ್ಷದವರೆಗೆ ಶೇ 10, ಮೂರರಿಂದ ಆರರವರೆಗೆ ಶೇ 20, ಅದರ ಮೇಲೆ ಶೇ 30 ಎಂದು ಒಂದು ಪ್ರಗತಿಪರ ಪದ್ಧತಿಯನ್ನು, ಅಂದರೆ ಆದಾಯ ಏರಿದಂತೆ ಅದರಲ್ಲಿ ತೆರಿಗೆಯ ಪಾಲೂ ಏರುವ ಪದ್ಧತಿಯನ್ನು, ತುಂಬಿದೆ. ಪಕ್ಕದ ಕಾಲಂನಲ್ಲಿ ಅದೇ ಒಂದು ಲಕ್ಷದ ವಿನಾಯಿತಿ ಇಟ್ಟು, ಉಳಿದದ್ದಕ್ಕೆಲ್ಲ ಶೇ 20ರ ಏಕದರ ಹಾಕಿದೆ. ಎರಡು ಲಕ್ಷ ಗಳಿಸುವವರ ತೆರಿಗೆ 10,000ದಿಂದ 20,000ಕ್ಕೆ, ಅಂದರೆ ಎರಡು ಪಟ್ಟಿಗೆ ಏರಿತು. ಹತ್ತು ಲಕ್ಷ ಗಳಿಸುವವರದು 2,00,000ದಿಂದ 1,80,000ಕ್ಕೆ ಇಳಿಯಿತು. ಎರಡೂ ಗೆರೆಗಳು ಕೂಡುವುದು ಎಂಟು ಲಕ್ಷದಲ್ಲಿ. ಅಲ್ಲಿ ಎರಡು ಪದ್ಧತಿಗಳಲ್ಲೂ ತೆರಿಗೆ 1,40,000. ಆ ಬಿಂದುವಿನ ಕೆಳಗಿರುವ ತೆರಿಗೆದಾರರೆಲ್ಲರೂ ಏಕದರದಲ್ಲಿ ಹೆಚ್ಚು ಕೊಡುತ್ತಾರೆ, ಮೇಲಿನವರೆಲ್ಲರೂ ಕಡಿಮೆ ಕೊಡುತ್ತಾರೆ. ಹಾಗೆಂದು ಇಂಥ ಏಕದರದಲ್ಲಿ ಎಲ್ಲರೂ ಆದಾಯದ ಒಂದೇ ಪಾಲನ್ನು ಕಟ್ಟುವುದೂ ಇಲ್ಲ: ಎರಡು ಲಕ್ಷದವರ ಪಾಲು ಶೇ 10, ಹತ್ತು ಲಕ್ಷದವರದು ಶೇ 18. ವಿನಾಯಿತಿ ಮಿತಿಯೊಂದೇ ಏಕದರವನ್ನೂ ಸ್ವಲ್ಪಮಟ್ಟಿಗೆ ಪ್ರಗತಿಪರವಾಗಿಸುತ್ತದೆ. ಇಷ್ಟು ಮುಖ್ಯವಾದ ಸಂಗತಿಯನ್ನು ಭಾಷಣದಲ್ಲಿ ಹೇಳಿ ಮುಗಿಸದೆ, ನಮ್ಮ ಕೈಯಿಂದಲೇ ಲೆಕ್ಕ ಮಾಡಿಸಿ ಮನಗಾಣಿಸಿದ ಬೋಧಕರನ್ನು ಮೆಚ್ಚಲೇಬೇಕು. ಮೇಲಿನ ಸ್ಲ್ಯಾಬಿಗೆ ಹೋದರೆ ಇಡೀ ಆದಾಯಕ್ಕೂ ಹೊಸ ದರ ಬೀಳುತ್ತದೆ ಎಂಬ ತಪ್ಪು ಕಲ್ಪನೆಯೂ ಇದೇ ಹಾಳೆಯ ಮುಂದೆ ತಾನಾಗಿಯೇ ಕರಗುತ್ತದೆ.

ನನ್ನ ನಂಬಿಕೆಯನ್ನು ಅಲುಗಾಡಿಸಿದ್ದು ಐದನೆಯ ಪಾಠ. ವರ್ಷಕ್ಕೆ ಐದು ಲಕ್ಷದಂತೆ ಎರಡು ವರ್ಷ ಸಂಬಳ ಪಡೆಯುವ ನೌಕರ ಒಬ್ಬ; ಮೊದಲ ವರ್ಷ ಏನೂ ಇಲ್ಲದೆ, ಎರಡನೆಯ ವರ್ಷ ಒಮ್ಮೆಗೇ ಹತ್ತು ಲಕ್ಷ ಕಾಣುವ ಶಿಲ್ಪಿ ಇನ್ನೊಬ್ಬ. ಇಬ್ಬರ ಒಟ್ಟು ಗಳಿಕೆ ಒಂದೇ. ಆದರೂ ಮೇಲೆ ಹೇಳಿದ ಸ್ಲ್ಯಾಬುಗಳಲ್ಲಿ ನೌಕರ ಎರಡು ವರ್ಷಕ್ಕೆ 1,20,000 ಕಟ್ಟಿದರೆ ಶಿಲ್ಪಿ 2,00,000 ಕಟ್ಟಬೇಕಾಗುತ್ತದೆ. ಏಕದರದಲ್ಲಿ ಈ ಅಂತರ 1,60,000 ಮತ್ತು 1,80,000ಕ್ಕೆ ಕುಗ್ಗುತ್ತದೆ. ಪ್ರಗತಿಪರ ತೆರಿಗೆಯ ಪರವಾಗಿರುವ ನನ್ನಂಥವರು ಈ ಆಕ್ಷೇಪಕ್ಕೆ ಪ್ರಾಮಾಣಿಕವಾಗಿ ಉತ್ತರಿಸಲೇಬೇಕು. ಹಲವು ವರ್ಷಗಳ ಆದಾಯವನ್ನು ಸರಾಸರಿ ಮಾಡಿ ತೆರಿಗೆ ಹಾಕುವುದು ಒಂದು ದಾರಿ ಎಂದು ಪಾಠ ಸೂಚಿಸುತ್ತದೆ, ಅದು ಸರಿಯಾದ ಸೂಚನೆಯೇ. ಆದರೆ ಏಕದರ ಸರಳ ಎಂಬ ಇನ್ನೊಂದು ವಾದವನ್ನು ಬೋಧಕರು ಪ್ರಶ್ನಿಸದೆ ಬಿಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ನಾಲ್ಕು ಸ್ಲ್ಯಾಬುಗಳ ಲೆಕ್ಕ ಕೂಡುವುದಕ್ಕೆ ಒಂದು ನಿಮಿಷ ಸಾಕು. ಯಾವುದು ಆದಾಯ, ಯಾವುದು ಖರ್ಚು, ಯಾವುದಕ್ಕೆ ರಿಯಾಯಿತಿ ಎಂಬುದರಲ್ಲಿಯೇ ತೆರಿಗೆ ಕಾನೂನಿನ ಜಟಿಲತೆಯೆಲ್ಲ ಇರುವುದು, ಮತ್ತು ಆ ಪ್ರಶ್ನೆಗಳು ದರ ಒಂದೇ ಆದ ಮಾತ್ರಕ್ಕೆ ಹೋಗುವುದಿಲ್ಲ.

ಇತಿಹಾಸದ ಪಾಠ ಚಿಕ್ಕದಾದರೂ ಅಚ್ಚುಕಟ್ಟಾಗಿದೆ. ಬ್ರಿಟನ್ನಿನ 1799ರ ಆದಾಯ ತೆರಿಗೆಯಲ್ಲಿಯೇ 60 ಪೌಂಡ್‌ಗಿಂತ ಕಡಿಮೆ ಆದಾಯಕ್ಕೆ ವಿನಾಯಿತಿಯೂ 200 ಪೌಂಡ್‌ವರೆಗೆ ಏರುವ ದರವೂ ಇದ್ದದ್ದು, ಎಸ್ಟೋನಿಯಾ 1994ರಲ್ಲಿ ಶೇ 26ರ ಏಕದರ ತಂದದ್ದು, ರಷ್ಯಾ 2001ರಲ್ಲಿ ಶೇ 13ರ ಏಕದರಕ್ಕೆ ಹೋಗಿ 2021ರಲ್ಲಿ ಎರಡನೆಯ ದರವನ್ನೂ 2025ರಿಂದ ಶೇ 22ರವರೆಗಿನ ಐದು ಹಂತಗಳನ್ನೂ ತಂದದ್ದು, ಸ್ಲೊವಾಕಿಯಾ 2004ರಲ್ಲಿ ಅಪ್ಪಿದ ಏಕದರವನ್ನು 2013ರಲ್ಲಿ ಕೈಬಿಟ್ಟದ್ದು ಎಲ್ಲವೂ ಇಲ್ಲಿವೆ.

ಕಾರ್ಪೊರೇಟ್ ತೆರಿಗೆಯ ಭಾಗದಲ್ಲಿ ಎಂಟನೆಯ ಪಾಠ ಇಡೀ ಕೋರ್ಸಿನಲ್ಲಿಯೇ ಉತ್ತಮವಾದದ್ದು. ದೊಡ್ಡ ಕಂಪನಿಗೆ ದೊಡ್ಡ ದರ, ಸಣ್ಣ ಕಂಪನಿಗೆ ಸಣ್ಣ ದರ ಎಂದರೆ ಕೇಳುವುದಕ್ಕೆ ನ್ಯಾಯವೆನಿಸುತ್ತದೆ. ಆದರೆ ದೊಡ್ಡ ಕಂಪನಿಯ ಷೇರುಗಳು ಸಾವಿರಾರು ಜನರ ನಿವೃತ್ತಿ ಉಳಿತಾಯದಲ್ಲಿ ಹಂಚಿಹೋಗಿರಬಹುದು, ಸಣ್ಣ ಕಂಪನಿಯೊಂದು ಪೂರ್ತಿಯಾಗಿ ಒಬ್ಬನೇ ಶ್ರೀಮಂತನದ್ದಾಗಿರಬಹುದು. ಕಂಪನಿ ಚೆಕ್ ಬರೆಯುತ್ತದೆ, ಹೊರೆ ಹೊರುವವರು ಮನುಷ್ಯರು: ಷೇರುದಾರರು, ಕಾರ್ಮಿಕರು, ಗ್ರಾಹಕರು. ಅರ್ಥಶಾಸ್ತ್ರಜ್ಞ ಆರ್ನಾಲ್ಡ್ ಹಾರ್ಬರ್ಗರ್ 1962ರಲ್ಲಿ ಮಂಡಿಸಿದ ವಿಶ್ಲೇಷಣೆಯ ಪ್ರಕಾರ, ಹೊರಜಗತ್ತಿಗೆ ತೆರೆದಿಲ್ಲದ ಅರ್ಥವ್ಯವಸ್ಥೆಯಲ್ಲಿ ಈ ಹೊರೆ ಹೆಚ್ಚಾಗಿ ಬಂಡವಾಳದ ಮೇಲೆಯೇ ಬೀಳುತ್ತದೆ. ಬಂಡವಾಳ ಗಡಿ ದಾಟಿ ಹೋಗಬಹುದಾದರೆ, ಹೋಗಲಾರದ ಕಾರ್ಮಿಕನ ಕೂಲಿಯ ಮೇಲೆ ಅದರ ಒಂದು ಭಾಗ ಇಳಿಯುತ್ತದೆ. ಎಷ್ಟು ಭಾಗ ಎಂಬ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15ರ ತೆರಿಗೆ ಇರಬೇಕೆಂದು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದ್ದನ್ನು ಈ ಹಿನ್ನೆಲೆಯಲ್ಲಿ ವಿವರಿಸಿದಾಗ, ಆ ಒಪ್ಪಂದದ ಅಗತ್ಯ ನನಗೆ ಮೊದಲ ಬಾರಿಗೆ ಸ್ಪಷ್ಟವಾಯಿತು.

ಇಷ್ಟು ಬಲವಾದ ಪಾಠದ ನಂತರವೂ ಕೋರ್ಸು ತನ್ನ ಎರಡು ಭಾಗಗಳನ್ನು ಒಂದಕ್ಕೊಂದು ಜೋಡಿಸುವುದೇ ಇಲ್ಲ, ಮತ್ತು ನನ್ನ ದೊಡ್ಡ ಅಸಮಾಧಾನ ಇರುವುದು ಇಲ್ಲಿಯೇ. ಹಾಳೆಯಲ್ಲಿ ವ್ಯಕ್ತಿಗೆ ಒಂದು ಪುಟ, ಕಂಪನಿಗೆ ಇನ್ನೊಂದು ಪುಟ; ಒಂದರ ಅಂಕಿ ಇನ್ನೊಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಬೇಕಾಯಿತು. ಹತ್ತು ಲಕ್ಷ ಗಳಿಸುವ ವೃತ್ತಿಪರ ತನ್ನದೇ ಒಂದು ಕಂಪನಿ ಮಾಡಿಕೊಂಡು, ಆರು ಲಕ್ಷವನ್ನು ಸಂಬಳವಾಗಿ ಪಡೆದು, ನಾಲ್ಕು ಲಕ್ಷವನ್ನು ಲಾಭವಾಗಿ ಕಂಪನಿಯಲ್ಲಿಯೇ ಉಳಿಸುತ್ತಾನೆ ಎಂದುಕೊಳ್ಳೋಣ. ಕಂಪನಿಯ ದರ ಶೇ 15 ಆದರೆ, ಸಂಬಳದ ಮೇಲೆ 80,000, ಲಾಭದ ಮೇಲೆ 60,000, ಒಟ್ಟು 1,40,000. ನೇರವಾಗಿ ಗಳಿಸಿದ್ದರೆ ಅವನು 2,00,000 ಕಟ್ಟಬೇಕಿತ್ತು. ಮುಂದೆ ಲಾಭಾಂಶ ಹಂಚಿದಾಗ ಅದಕ್ಕೂ ತೆರಿಗೆ ಬರಬಹುದು, ನಿಜ. ಆದರೆ ಯಾವ ವರ್ಷ ಹಂಚಬೇಕೆಂದು ತೀರ್ಮಾನಿಸುವವನು ಅವನೇ. ಸಂಬಳದಲ್ಲಿಯೇ ತೆರಿಗೆ ಕಡಿತವಾಗುವ ನೌಕರನಿಗೆ ಈ ದಾರಿ ಇಲ್ಲ. ಹೀಗೆ ಕಂಪನಿಯ ದರವನ್ನು ತೀರಾ ಕೆಳಗಿಟ್ಟರೆ, ಮೇಲಿನ ಸ್ಲ್ಯಾಬ್ ಎಷ್ಟೇ ಎತ್ತರದಲ್ಲಿದ್ದರೂ ಅದು ಸಂಬಳದಾರರಿಗೆ ಮಾತ್ರ ಎತ್ತರವಾಗುತ್ತದೆ. ಎಸ್ಟೋನಿಯಾ 2000ದಿಂದ ಲಾಭವನ್ನು ಹಂಚಿದಾಗ ಮಾತ್ರ ಕಂಪನಿಗೆ ತೆರಿಗೆ ಹಾಕುತ್ತಿರುವುದನ್ನು ಒಂಬತ್ತನೆಯ ಪಾಠ ಹೊಗಳುತ್ತದೆ; ಅಂಥ ಪದ್ಧತಿಯಲ್ಲಿ ಈ ಮುಂದೂಡಿಕೆಯ ಲಾಭ ಯಾರಿಗೆ ಸೇರುತ್ತದೆ ಎಂದು ಕೇಳುವುದಿಲ್ಲ.

ಭಾಷೆ ತಿಳಿಯಾಗಿದೆ, ಪಾಠಗಳ ವೇಗ ಹದವಾಗಿದೆ, ಪ್ರಶ್ನೆ ಕಳಿಸಿದರೆ ಎರಡು ಮೂರು ದಿನಗಳಲ್ಲಿ ಉತ್ತರ ಬರುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸೇರುವವರು ಎರಡನೆಯ ಪಾಠ ಮುಗಿದೊಡನೆ ಎಂಟನೆಯದನ್ನು ಕೇಳಿ, ಆಮೇಲೆ ಉಳಿದವುಗಳಿಗೆ ಬರುವುದು ಒಳ್ಳೆಯದು. ಎರಡೂ ಪುಟಗಳನ್ನು ಸೇರಿಸುವ ಒಂದು ಸಾಲನ್ನು ಹಾಳೆಗೆ ಹಾಕಿರೆಂದು ನನ್ನ ಲೆಕ್ಕದ ಸಮೇತ ಬೋಧಕರಿಗೆ ಬರೆದಿದ್ದೇನೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುವುದಾಗಿ ಅವರು ಉತ್ತರಿಸಿದ್ದಾರೆ.