ಕಡಲಂಚಿನ ಐಸ್ ಪ್ಲಾಂಟ್: ಮ್ಯಾಕ್ರೋ, ವೈಡ್ ಆಂಗಲ್, ಫೋನ್

ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಊರಿನ ಕಡಲಂಚನ್ನು ವಸಂತದಲ್ಲಿ ನೇರಳೆಗೆಂಪಾಗಿಸುವ ಡ್ರೊಸ್ಯಾಂಥಮಮ್ ಫ್ಲೋರಿಬಂಡಮ್, ಐಸ್ ಪ್ಲಾಂಟ್ ಎಂದು ಕರೆಯುವ ದಕ್ಷಿಣ ಆಫ್ರಿಕಾದ ಗಿಡ. ಹೇಯ್ಸ್ ಪರ್ಕಿನ್ಸ್ ಎಂಬ ನಿವಾಸಿ 1940ರ ದಶಕದಲ್ಲಿ ಇದನ್ನು ಇಲ್ಲಿ ನೆಟ್ಟು ಬೆಳೆಸಿದರು. ಇದರ ದೊಡ್ಡ ಹೂವಿನ ನೆಂಟ ಕಾರ್ಪೊಬ್ರೋಟಸ್ ಎಡ್ಯುಲಿಸ್ ಕೂಡ ಐಸ್ ಪ್ಲಾಂಟೇ, ಅಲ್ಲಿಯದೇ. ರೈಲುಹಳಿ, ಹೆದ್ದಾರಿಗಳ ಬದಿಯ ಮಣ್ಣು ಸರಿಯದಂತೆ ನೆಟ್ಟ ಅದು ಮರಳುದಿಬ್ಬಗಳಿಗೆ ನುಗ್ಗಿ, ಸ್ಥಳೀಯ ಸಸ್ಯಗಳ ಜಾಗವನ್ನು ಕಬಳಿಸಿದೆ. ಎರಡನ್ನೂ ನಾನು ತೀರ ಹತ್ತಿರದಿಂದ ತೆಗೆಯುವ 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಅಗಲ ನೋಟದ 24 ಮಿ.ಮೀ. ವೈಡ್ ಆಂಗಲ್ ಲೆನ್ಸ್ ಮತ್ತು ಫೋನಿನಲ್ಲಿ ತೆಗೆದು ನೋಡಿದ್ದೇನೆ.

ಈ ಹೂಗಳು ಬಿಸಿಲೇರಿದ ಮೇಲೆಯೇ ಪೂರ್ತಿ ಬಿಚ್ಚಿಕೊಳ್ಳುವುದರಿಂದ, ಛಾಯಾಗ್ರಾಹಕರು ಹಂಬಲಿಸುವ ಮುಂಜಾನೆಯ ಮೃದು ಬೆಳಕು ಇಲ್ಲಿ ಉಪಯೋಗಕ್ಕೆ ಬಾರದು. ಬೆಳಗಿನ ಮಂಜು ಕರಗುವವರೆಗೆ ಕಾಯಲೇಬೇಕು.

ಡ್ರೊಸ್ಯಾಂಥಮಮ್ ಎಲೆಗಳ ಮೇಲಿನ, ನೀರು ತುಂಬಿದ ಹೊಳೆಯುವ ಗುಳ್ಳೆಗಳನ್ನು ತೋರಿಸಲು ಮ್ಯಾಕ್ರೋ ಲೆನ್ಸಿಗೆ ಸಾಟಿಯಿಲ್ಲ. ಆದರೆ ಕಡಲಗಾಳಿಗೆ ಹೂವು ಒಂದು ಕ್ಷಣವೂ ನಿಲ್ಲುವುದಿಲ್ಲ. ಅಪರ್ಚರ್ ಅಂದರೆ ಲೆನ್ಸಿನ ಬೆಳಕಿಂಡಿಯನ್ನು ಎಫ್/11ರಷ್ಟು ಕಿರಿದಾಗಿಟ್ಟು, 1/500 ಸೆಕೆಂಡಿನ ಷಟರ್ ವೇಗ ಉಳಿಸಿಕೊಳ್ಳಬೇಕೆಂದರೆ, ಒಂದಕ್ಕೊಂದರ ಅಳತೆಯಲ್ಲಿ (ಸೆನ್ಸರಿನ ಮೇಲೆ ಹೂವು ನಿಜಗಾತ್ರದಲ್ಲೇ ಮೂಡುವಂತೆ) ತೆಗೆಯುವಾಗ ಎರಡು ಸ್ಟಾಪ್‌ಗಳಷ್ಟು, ಅಂದರೆ ಕಾಲುಭಾಗವಷ್ಟೇ ಉಳಿಯುವಷ್ಟು, ಬೆಳಕು ನಷ್ಟವಾಗುವ ಕಾರಣ, ನಡುಹಗಲಿನಲ್ಲೂ ಸೆನ್ಸರಿನ ಬೆಳಕಿನ ಸೂಕ್ಷ್ಮತೆಯಾದ ಐಎಸ್ಓವನ್ನು ಏರಿಸಿ 1000ದ ಆಸುಪಾಸಿಗೆ ಹೋಗಬೇಕಾಗುತ್ತದೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಬಣ್ಣ ಗಾಢವಾಗುತ್ತದೆ ನಿಜ, ಆದರೆ ಯಾವ ಹೊಳಪಿಗಾಗಿ ಮೊಣಕಾಲೂರಿ ಕುಳಿತೆವೋ ಅದೇ ಮಾಯವಾಗುತ್ತದೆ.

ಕಾರ್ಪೊಬ್ರೋಟಸ್‌ಗೆ ಮಾತ್ರ ನನ್ನ ಮತ ವೈಡ್ ಆಂಗಲ್‌ಗೇ. ಮ್ಯಾಕ್ರೋ ಚಿತ್ರದಲ್ಲಿ ಅದು ಬರಿಯ ಚೆಲುವಾದ ಹೂವು. ಕುಂಡದಲ್ಲಿ ತೆಗೆದದ್ದೆಂದರೂ ನಂಬಬಹುದು. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸನ್ನು ಎಫ್/11ಕ್ಕಿಟ್ಟು, ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದು ಮೀಟರಿನಿಂದ ಆಚೆಗಿನ ಹೂವು, ಹೆಣೆದುಕೊಂಡ ಬಳ್ಳಿಗಳ ದಪ್ಪ ಹಾಸು, ಅದರಂಚಿನಲ್ಲಿ ಅಷ್ಟಿಷ್ಟು ಉಳಿದ ಮರಳು, ಹಿಂದಿನ ಅಲೆ, ಎಲ್ಲವೂ ಸ್ಫುಟವಾಗಿ ಬರುತ್ತವೆ, ಅತಿಕ್ರಮಣವೂ ಕಣ್ಣಿಗೆ ಬೀಳುತ್ತದೆ. ಇದಕ್ಕೂ ಪೋಲರೈಸರ್ ಬೇಡ, ಹಾಕಿದರೆ ಆಕಾಶ ಒಂದೆಡೆ ಕಪ್ಪಾಗಿ ಇನ್ನೊಂದೆಡೆ ಬಿಳಚಿಕೊಳ್ಳುತ್ತದೆ.

ಫೋನು ದಾರಿಯಿಂದ ಕೆಳಗಿಳಿಯದೆ ಹಾಸಿನ ನೆತ್ತಿಯ ಮೇಲೆ ಕೈಚಾಚಿ ತೆಗೆಯಲು ಅನುಕೂಲ. ಅದರ ಸೋಲು ಬಣ್ಣದಲ್ಲಿ: ತೀಕ್ಷ್ಣ ಬಿಸಿಲಿಗೆ ನೇರಳೆಗೆಂಪಿನ ಎಸಳುಗಳ ಗೆರೆಗಳೆಲ್ಲ ಕಲಸಿ ಒಂದೇ ಬಣ್ಣದ ತೇಪೆಯಾಗುತ್ತವೆ. ಕ್ಯಾಮೆರಾದಲ್ಲೂ ಕೆಂಪು ಚಾನೆಲ್ಲೇ ಮೊದಲು ತುಂಬುವುದರಿಂದ, ಬೆಳಕಿನ ಹಂಚಿಕೆ ತೋರುವ ಒಟ್ಟು ಹಿಸ್ಟೋಗ್ರಾಮ್ ನಕ್ಷೆಯನ್ನು ನಂಬದೆ ಬಣ್ಣಗಳದ್ದನ್ನು ಬೇರೆಬೇರೆಯಾಗಿ ನೋಡಿ, ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪಿನಷ್ಟು ತಗ್ಗಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಕಡತದಲ್ಲಿ ಉಳಿಸಿಕೊಳ್ಳುವುದು ಲೇಸು.