ಮಗಳ ಮೊದಲ ಪಿಯಾನೊ: ಯಮಹಾ ಪಿ-45 ಜೊತೆ ಆರು ವರ್ಷ

2019ರಲ್ಲಿ ಪಿಯಾನೊ ಹುಡುಕುತ್ತಿದ್ದಾಗ, ಕೊಂಡ ಹದಿನೈದು ದಿನಕ್ಕೇ ಐದು ಸ್ಟಾರ್ ಕೊಟ್ಟ ವಿಮರ್ಶೆಗಳನ್ನು ಓದಿ ಓದಿ ಸಾಕಾಗಿತ್ತು. "ಡೆಲಿವರಿ ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿತ್ತು" ಅಂತ ಬರೆದಿರುತ್ತಿದ್ದರು. ಪ್ಯಾಕಿಂಗ್ ಕಟ್ಟಿಕೊಂಡು ನಾನೇನು ಮಾಡಲಿ? ಅದಕ್ಕೇ ಯಮಹಾ ಪಿ-45 ಡಿಜಿಟಲ್ ಪಿಯಾನೊವನ್ನು ಆರು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮಗಳಿಗೆ ಆಗ ಏಳು, ಈಗ ಹದಿಮೂರು. ಮನೆ ಮೈಸೂರಿನ ಕುವೆಂಪುನಗರದಲ್ಲಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಈ ಲಿಫ್ಟಿನ ವಿಷಯ ಮುಂದೆ ಬೇಕಾಗುತ್ತದೆ.

ಅವಳು ಕಲಿಯೋಕೆ ಶುರು ಮಾಡಿದ್ದು ಪಿಯಾನೊದಲ್ಲಲ್ಲ. ಮಂಡ್ಯದ ನಾದಿನಿ ಮನೆಯಿಂದ ಬಂದ ಹಳೇ ಕೀಬೋರ್ಡಿನಲ್ಲಿ. 61 ಕೀ, ನೂರಾರು ಟೋನ್, ಒಂದು ಬಟನ್ ಒತ್ತಿದರೆ ತಬಲಾ, ಇನ್ನೊಂದಕ್ಕೆ ಡ್ರಮ್ಸ್. ಬಂದ ವಾರವೆಲ್ಲ ಮನೆಯಲ್ಲಿ ಆರ್ಕೆಸ್ಟ್ರಾ. ಮಗಳು ಎಡಗೈಯಲ್ಲಿ ತಾಳ ಹಾಕಿಸಿ ಬಲಗೈಯಲ್ಲಿ ಒಂದೇ ಕೀ ಒತ್ತಿಕೊಂಡು ಕುಣಿಯುತ್ತಿದ್ದಳು. ಅದೂ ಖುಷಿಯೇ ಬಿಡಿ, ಆದರೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಪಾಠ ಹೇಳಿಕೊಡುವ ಮಿಸ್ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಅಲ್ಲಲ್ಲಿ ಪಿ ಅಂತಲೂ ಎಫ್ ಅಂತಲೂ ಗುರುತು ಹಾಕಿ ಕಳಿಸಿದರು. ಪಿ ಅಂದರೆ ಮೆತ್ತಗೆ, ಎಫ್ ಅಂದರೆ ಜೋರು. ಅವತ್ತು ಸಂಜೆ ಮಗಳು ಅಳುಮುಖ ಮಾಡಿಕೊಂಡು ಅಡುಗೆಮನೆಗೆ ಬಂದಳು. "ಮೆತ್ತಗೇ ಒತ್ತುತ್ತಾ ಇದೀನಿ ಅಮ್ಮ, ಅದು ಕೇಳೋದೇ ಇಲ್ಲ." ಹೋಗಿ ನೋಡಿದೆ. ಬೆರಳು ತಾಗಿಸಿದರೂ ಅಷ್ಟೇ ಸದ್ದು, ಗುದ್ದಿದರೂ ಅಷ್ಟೇ ಸದ್ದು. ಆ ಮಾಡೆಲ್‌ಗೆ ಟಚ್ ರೆಸ್ಪಾನ್ಸ್ ಇರಲಿಲ್ಲ.

ಮಿಸ್ ಹತ್ತಿರ ಹೇಳಿದಾಗ ಅವರು ಪಿಯಾನೊ ಹುಟ್ಟಿದ ಕತೆ ಹೇಳಿದರು. ಮುಂಚೆ ಇದ್ದ ಹಾರ್ಪ್ಸಿಕಾರ್ಡ್‌ನಲ್ಲಿ ಕೀ ಒತ್ತಿದರೆ ಒಳಗೆ ತಂತಿಯನ್ನು ಮೀಟುತ್ತಿತ್ತು. ಹೇಗೆ ಒತ್ತಿದರೂ ಸದ್ದು ಹೆಚ್ಚುಕಮ್ಮಿ ಒಂದೇ. 1700ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸ್‌ನ ಕ್ರಿಸ್ಟೊಫೊರಿ ಎಂಬಾತ ಮೀಟುವುದು ಬಿಟ್ಟು ಪುಟ್ಟ ಸುತ್ತಿಗೆಯಿಂದ ತಂತಿಗೆ ಬಡಿಯುವ ಹಾಗೆ ಮಾಡಿದ. ಮೆತ್ತಗೂ ಬಂತು, ಜೋರೂ ಬಂತು. ಆ ವಾದ್ಯಕ್ಕೆ ಹೆಸರೇ ಹಾಗೆ ಬಿತ್ತು, ಇಟಾಲಿಯನ್‌ನಲ್ಲಿ ಪಿಯಾನೊ ಅಂದರೆ ಮೆತ್ತಗೆ. "ನಿಮ್ಮ ಮನೇಲಿರೋದು ಕ್ರಿಸ್ಟೊಫೊರಿಗಿಂತ ಹಿಂದಿನ ಕಾಲದ್ದು" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಖರ್ಚು ಎದುರಿಗೆ ಕಾಣುತ್ತಿತ್ತು.

ಮೊದಲು ಆಸೆ ಹುಟ್ಟಿದ್ದು ಮರದ ಪಿಯಾನೊ ಮೇಲೆ. ಒಂಟಿಕೊಪ್ಪಲಿನ ಒಂದು ಹಳೇ ಮನೆಯಲ್ಲಿ ಅಪ್‌ರೈಟ್ (ಗೋಡೆಗೆ ಒರಗಿಸಿ ಇಡುವ ಪಿಯಾನೊ) ಮಾರಾಟಕ್ಕಿದೆ ಅಂತ ಗೊತ್ತಾಯಿತು. ಹೇಳಿದ್ದು 45 ಸಾವಿರ. ಕಂದು ಮರ, ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡು, ನೋಡೋಕೆ ಮದುಮಗಳ ಹಾಗಿತ್ತು. "ಅರಮನೆ ಕಾಲದ್ದು" ಅಂದರು. ಮೈಸೂರಿನಲ್ಲಿ ಹಳೇ ಸಾಮಾನು ಮಾರುವವರಿಗೆಲ್ಲ ಅರಮನೆ ನೆಂಟಸ್ತಿಕೆ ಇದ್ದೇ ಇರುತ್ತದೆ. ಆದರೂ ಮನಸ್ಸು ಕರಗಿತು. ಯಾಕೆಂದರೆ ನಮ್ಮ ಜಯಚಾಮರಾಜೇಂದ್ರ ಒಡೆಯರ್ ನಿಜವಾಗಿಯೂ ಪಿಯಾನೊ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಡಿಪ್ಲೊಮಾ ಪಡೆದವರು. ಮೆಡ್ಟ್‌ನರ್ ಎಂಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವನ ಸಂಗೀತದ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟಿದ್ದು ಮೈಸೂರಿನ ಈ ಮಹಾರಾಜರೇ.

ಪುಣ್ಯಕ್ಕೆ ಒಬ್ಬ ವಯಸ್ಸಾದ ಟ್ಯೂನರನ್ನು ಕರೆದುಕೊಂಡು ಹೋಗಿದ್ದೆ. ಅವರು ಮರದ ಪಾಲಿಶ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೇಲಿನ ಮುಚ್ಚಳ ತೆಗೆದರು, ಕೆಳಗಿನ ಹಲಗೆ ಬಿಚ್ಚಿದರು, ಟಾರ್ಚ್ ಬಿಟ್ಟರು. ಸುತ್ತಿಗೆಗಳ ಉಣ್ಣೆಯನ್ನು ಹುಳ ತಿಂದಿತ್ತು. ಆಮೇಲೆ ಒಂದು ತಂತಿಯ ಪಿನ್ನಿಗೆ ಕೀಲಿ ಹಾಕಿ ತಿರುಗಿಸಿದರು. ಬಿಗಿಯಾಗಲಿಲ್ಲ. ಕೈ ಬಿಟ್ಟ ತಕ್ಷಣ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಇನ್ನೊಂದು, ಮತ್ತೊಂದು, ಎಲ್ಲ ಹಾಗೇ. "ಇನ್ನೂರಕ್ಕಿಂತ ಜಾಸ್ತಿ ತಂತಿ ಇರತ್ತೆ ಮೇಡಂ. ಅಷ್ಟನ್ನೂ ಎಳೆದು ಹಿಡಿಯೋದು ಈ ಪಿನ್ ಕೂತಿರೋ ಹಲಗೆ. ಅದೇ ಸೀಳಿದೆ. ನಾನು ಟ್ಯೂನ್ ಮಾಡಿ ಗೇಟ್ ದಾಟೋಷ್ಟರಲ್ಲಿ ಇಳಿದಿರುತ್ತೆ" ಅಂದರು. ಅವರಿಗೆ ಕೊಟ್ಟ 1,500 ರೂಪಾಯಿಯೇ ಈ ಇಡೀ ಪ್ರಯಾಣದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಖರ್ಚು. ಅದು ಚೆನ್ನಾಗಿದ್ದಿದ್ದರೂ ಸುಮಾರು 200 ಕೆಜಿ ಭಾರವನ್ನು ಎರಡು ಮಹಡಿ ಹತ್ತಿಸಬೇಕಿತ್ತು. ಮೇಲೆ ವರ್ಷಕ್ಕೆರಡು ಸಲ ಟ್ಯೂನಿಂಗ್. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿದರೆ ಶ್ರುತಿ ಏರುತ್ತದೆ, ಬೇಸಿಗೆಯಲ್ಲಿ ಒಣಗಿದರೆ ಇಳಿಯುತ್ತದೆ.

ಹಾಗಾಗಿ ಡಿಜಿಟಲ್. ಅಂಗಡಿಗೆ ಮಿಸ್ ಕೂಡ ಬಂದರು. ಅಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಎಲ್ಲ ಅಪ್ಪ ಅಮ್ಮಂದಿರೂ ಮಾಡಬೇಕು. ಪ್ರತಿ ಪಿಯಾನೊ ಎದುರು ನಿಂತ ತಕ್ಷಣ ವಾಲ್ಯೂಮ್ ಸೊನ್ನೆಗೆ ಇಳಿಸಿ, "ಈಗ ನುಡಿಸು" ಅನ್ನೋರು ಮಗಳಿಗೆ. ಅಂಗಡಿಯಲ್ಲಿ ಒಳ್ಳೆ ಸ್ಪೀಕರ್ ಹಾಕಿದರೆ ಯಾವುದಾದರೂ ಚೆನ್ನಾಗೇ ಕೇಳುತ್ತೆ, ಅಲ್ವಾ? ಸದ್ದಿಲ್ಲದಾಗ ಉಳಿಯೋದು ಕೀ ಮತ್ತು ಬೆರಳು ಮಾತ್ರ. ಕೀ ಅಲುಗಾಡುತ್ತದಾ, ಕೆಳಗೆ ತಲುಪಿದಾಗ ಟಕಟಕ ಅನ್ನುತ್ತದಾ, ಒತ್ತಿ ಬಿಟ್ಟರೆ ಬೇಗ ಮೇಲೆ ಬರುತ್ತದಾ, ಎಲ್ಲ ಗೊತ್ತಾಗುತ್ತದೆ. ಮಿಸ್ ಬೆರಳಿಗೆ ರೋಲ್ಯಾಂಡ್ ಎಫ್‌ಪಿ-10 ಹೆಚ್ಚು ಹಿಡಿಸಿತ್ತು. ಅದು ಸಿಗೋಕೆ ಕಾಯಬೇಕಿತ್ತು. ಪಿ-45 ಅಲ್ಲೇ ಇತ್ತು. ಸ್ಟ್ಯಾಂಡ್, ಸ್ಟೂಲ್, ಹೆಡ್‌ಫೋನ್ ಎಲ್ಲ ಸೇರಿ 40 ಸಾವಿರದ ಆಸುಪಾಸಿಗೆ ಮುಗಿಯಿತು. ತೂಕ 11.5 ಕೆಜಿ. ನಮ್ಮೆಜಮಾನರು ಒಬ್ಬರೇ ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.

ಇದರಲ್ಲಿ 88 ಕೀ ಇವೆ, ಪೂರ್ತಿ ಪಿಯಾನೊದಷ್ಟೇ. ಒಳಗೆ ತಂತಿ ಇಲ್ಲ, ಆದರೆ ಪ್ರತಿ ಕೀಗೂ ಸುತ್ತಿಗೆಯ ಭಾರ ಇದೆ. ಎಡಗಡೆಯ ಮಂದ್ರದ ಕೀಗಳು ಸ್ವಲ್ಪ ಭಾರ, ಬಲಕ್ಕೆ ಹೋದ ಹಾಗೆ ಹಗುರ. ಮರದ ಪಿಯಾನೊದಲ್ಲೂ ಹೀಗೇ. ಮೊದಲ ವಾರ ಮಗಳ ಕಿರುಬೆರಳು ಸೋತುಹೋಯಿತು. "ಗಟ್ಟಿ ಇದೆ ಅಮ್ಮ" ಅಂತ ಹತ್ತು ನಿಮಿಷಕ್ಕೇ ಏಳುತ್ತಿದ್ದಳು. ಕೊಂಡು ತಪ್ಪು ಮಾಡಿದೆನಾ ಅಂತ ನನಗೂ ಅನ್ನಿಸಿತು. ಎರಡು ತಿಂಗಳಲ್ಲಿ ಆ ದೂರು ತಾನಾಗಿಯೇ ನಿಂತಿತು. ಪುಸ್ತಕದ ಪಿ ಮತ್ತು ಎಫ್ ಕೇಳಿಸತೊಡಗಿದವು. ಆಮೇಲೆ ರಜೆಯಲ್ಲಿ ಮಂಡ್ಯಕ್ಕೆ ಹೋಗಿ, ಅಲ್ಲಿಗೇ ವಾಪಸ್ ಕೊಟ್ಟಿದ್ದ ಆ ಹಳೇ ಕೀಬೋರ್ಡ್ ಮುಟ್ಟಿದವಳು "ಇದೇನು, ಥರ್ಮಾಕೋಲ್ ಥರ ಇದೆ" ಅಂದಳು.

ಟೋನ್ ಬರೀ ಹತ್ತು. ಎರಡು ಥರ ಪಿಯಾನೊ, ಆರ್ಗನ್, ಹಾರ್ಪ್ಸಿಕಾರ್ಡ್, ವೈಬ್ರಫೋನ್, ಹೀಗೆ. ಮುಂದೆ ಇರೋದು ಪವರ್ ಬಿಟ್ಟರೆ ಒಂದೇ ಬಟನ್. ಬೇರೆ ಏನು ಬೇಕಾದರೂ ಅದನ್ನು ಒತ್ತಿ ಹಿಡಿದು ಇನ್ನೊಂದು ಕೀ ಒತ್ತಬೇಕು. ಯಾವ ಕೀಗೆ ಏನು ಅನ್ನೋದು ನೆನಪಿರಲ್ಲ, ಮ್ಯಾನ್ಯುಯಲ್‌ನ ಆ ಪುಟವನ್ನು ಜೆರಾಕ್ಸ್ ಮಾಡಿ ಗೋಡೆಗೆ ಅಂಟಿಸಿದ್ದೇವೆ. ಮೊದಲು ಇದು ಕೊರತೆ ಅನ್ನಿಸಿತ್ತು. ಈಗ ಹೇಳ್ತೀನಿ, ಈ ಪಿಯಾನೊದ ದೊಡ್ಡ ಗುಣವೇ ಇದು. ಏಳು ವರ್ಷದ ಮಗುವಿನ ಎದುರು ನೂರು ಬಟನ್ ಇಟ್ಟರೆ ಅದು ಬಟನ್ ಒತ್ತುತ್ತದೆ. ಒತ್ತೋಕೆ ಬಟನ್ನೇ ಇಲ್ಲದಿದ್ದರೆ ಪಾಠ ನುಡಿಸುತ್ತದೆ.

ನಮ್ಮ ಅತ್ತೆ ಮೊದಲು ಮುಖ ಸಿಂಡರಿಸಿಕೊಂಡಿದ್ದರು. ಅವರು ಕರ್ನಾಟಕ ಸಂಗೀತ ಕಲಿತವರು. "ಗಮಕ ಬರದ ವಾದ್ಯ ಎಂಥಾ ವಾದ್ಯ" ಅಂತ. ಒಂದು ದಿನ ತಾವೇ ಕೂತು ಹಾರ್ಮೋನಿಯಂ ಲೆಕ್ಕದಲ್ಲಿ ಮನೆ ಎಣಿಸಿದರು, ಬಿಳಿ ಮನೆ, ಕರಿ ಮನೆ. ಅವರ ಶ್ರುತಿ ಐದೂವರೆ ಮನೆ. ಟ್ರಾನ್ಸ್‌ಪೋಸ್ ಮಾಡಿದರೆ, ಅಂದರೆ ಎಲ್ಲ ಕೀಗಳ ಶ್ರುತಿಯನ್ನೂ ಒಟ್ಟಿಗೆ ಏರಿಸಿದರೆ ಅಥವಾ ಇಳಿಸಿದರೆ, ಮೊಮ್ಮಗಳು ಬಿಳಿ ಕೀಗಳಲ್ಲೇ ನುಡಿಸಿದರೂ ಅಜ್ಜಿಯ ಶ್ರುತಿಗೇ ಬರುತ್ತದೆ. ಅಲ್ಲಿಂದ ಇಬ್ಬರೂ ಸಂಜೆ ಸರಳೆ ವರಸೆಗೆ ಕೂತರು. ಮಿಸ್‌ಗೆ ಇದನ್ನು ಇನ್ನೂ ಹೇಳಿಲ್ಲ.

ಇನ್ನು ತೊಂದರೆಗಳು. ಅರ್ಧ ನಮ್ಮದೇ ತಪ್ಪು. ನೂರಿನ್ನೂರು ಉಳಿಸೋಕೆ ಹೋಗಿ ಎಕ್ಸ್ ಆಕಾರದ ಅಗ್ಗದ ಸ್ಟ್ಯಾಂಡ್ ತಂದೆ, ಹೆಸರಿಲ್ಲದ ಮಾಲು. ಜೋರಾಗಿ ನುಡಿಸಿದರೆ ಪಿಯಾನೊ ತೊಟ್ಟಿಲ ಹಾಗೆ ತೂಗುತ್ತಿತ್ತು, ಮೊಣಕಾಲು ಕಂಬಿಗೆ ತಾಗುತ್ತಿತ್ತು. ಕೊನೆಗೆ ನಮ್ಮ ಬಡಗಿ ಮರದ್ದೊಂದು ಮಾಡಿಕೊಟ್ಟರು. ನೆಲದಿಂದ ಕೀ ಮೇಲ್ಮೈವರೆಗೆ 73 ಸೆಂಟಿಮೀಟರ್ ಬರುವ ಹಾಗೆ ಅಳತೆ ಕೊಟ್ಟೆ. ಕೂತಾಗ ಮೊಣಕೈ ಕೀಗಳ ಮಟ್ಟಕ್ಕಿರಬೇಕು. ಅಷ್ಟು ಎತ್ತರದ ಸ್ಟೂಲ್ ಹಾಕಿದರೆ ಕಾಲು ನೇತಾಡುತ್ತಿತ್ತು. ಕಾಲು ಊರದೆ ಬೆನ್ನು ನೇರ ಆಗಲ್ಲ. ಕಾಲಡಿಗೆ ಊಟದ ಮಣೆ ಎರಡನ್ನು ಒಂದರ ಮೇಲೊಂದು ಇಟ್ಟೆವು. ಅವಳು ಬೆಳೆದ ಹಾಗೆ 2021ರಲ್ಲಿ ಒಂದು ತೆಗೆದೆವು, ಆಮೇಲೆ ಇನ್ನೊಂದು.

ಜೊತೆಗೆ ಬರುವ ಪುಟ್ಟ ಪೆಡಲ್ ನಮ್ಮ ನುಣುಪು ಟೈಲ್ಸ್ ಮೇಲೆ ಜಾರಿ ಜಾರಿ ಗೋಡೆ ಸೇರುತ್ತಿತ್ತು. ಕಾರಿನ ರಬ್ಬರ್ ಮ್ಯಾಟಿನ ಒಂದು ತುಂಡು ಅಡಿಗೆ ಇಟ್ಟ ಮೇಲೆ ಸರಿಹೋಯಿತು. ಹೆಡ್‌ಫೋನ್ ತೂತು ದೊಡ್ಡದು, 6.3 ಮಿಲಿಮೀಟರಿನದು. ಫೋನಿನ ಹೆಡ್‌ಫೋನ್ ಹಾಕೋಕೆ ಅಡಾಪ್ಟರ್ ಬೇಕು. ಅರ್ಧ ಗಂಟೆ ಮುಟ್ಟದಿದ್ದರೆ ತಾನಾಗೇ ಆಫ್ ಆಗುತ್ತದೆ. ಅದು ಬೇಡ ಅಂದರೆ ತೀರಾ ಎಡಗಡೆಯ ಕೀ ಒತ್ತಿ ಹಿಡಿದುಕೊಂಡು ಆನ್ ಮಾಡಬೇಕು. ಇದಕ್ಕೆ ಬ್ಯಾಟರಿ ಇಲ್ಲ. ನಮ್ಮಲ್ಲಿ ಯುಪಿಎಸ್ ಇದೆ, ನಡೆಯುತ್ತದೆ. ಕರೆಂಟ್ ಜಾಸ್ತಿ ಹೋಗುವ ಕಡೆ ಇರುವವರು ಕ್ಯಾಸಿಯೊ ಸಿಡಿಪಿ-ಎಸ್110 ನೋಡಬಹುದು, ಅದು ಆರು ಎಎ ಸೆಲ್‌ನಲ್ಲೂ ನಡೆಯುತ್ತದೆ.

ರಿಪೇರಿಗೆ ಹೋಗಿದ್ದು ಒಂದೇ ಸಲ, 2022ರ ದಸರಾ ಮುಗಿದ ಮೇಲೆ. ಮಧ್ಯದ ಒಂದು ಕೀ ಅರ್ಧಕ್ಕೇ ನಿಲ್ಲುತ್ತಿತ್ತು. ಒಳಗೆ ಏನೋ ಮುರಿದಿದೆ ಅಂತ ಹೆದರಿದೆ. ರಿಪೇರಿಯವರು ಮಗುಚಿ ಹಾಕಿ ಒಂದೊಂದೇ ಸ್ಕ್ರೂ ಬಿಚ್ಚಿದರು. ಸ್ಕ್ರೂಗಳನ್ನು ಇಡೋಕೆ ಎರಡು ಟೀ ಲೋಟ ಬೇಕಾಯಿತು. ಕೀ ಎತ್ತಿದರೆ ಅಡಿಯಲ್ಲಿ ಅರಿಶಿನದ ಬಣ್ಣದ ನಾಲ್ಕು ಅಕ್ಕಿ ಕಾಳು. ಪಕ್ಕದಲ್ಲಿ ಒಂದು ಕ್ಲಿಪ್ಪು, ರಬ್ಬರ್ ಚೂರು, ಒಣಗಿದ ಸೇವಂತಿಗೆ ಎಸಳು. ಆಯುಧಪೂಜೆಗೆ ಅತ್ತೆ ಸ್ಕೂಟರ್, ಮಿಕ್ಸಿ, ಪಿಯಾನೊ ಎಲ್ಲಕ್ಕೂ ಧಾರಾಳವಾಗಿ ಅಕ್ಷತೆ ಹಾಕಿದ್ದರು. 800 ರೂಪಾಯಿ ಕೊಟ್ಟು ಬಂದೆವು. ಈಗ ಕುಂಕುಮ, ಹೂವು, ಅಕ್ಷತೆ ಎಲ್ಲ ಸ್ಟ್ಯಾಂಡಿನ ಕಾಲಿಗೆ.

ಪರೀಕ್ಷೆಗೆ ಡಿಜಿಟಲ್ ನಡೆಯುತ್ತಾ ಅಂತ ಸುಮಾರು ಜನ ಕೇಳುತ್ತಾರೆ. ಇಲ್ಲಿನ ಮಕ್ಕಳು ಬರೆಯುವ ಗ್ರೇಡ್ ಪರೀಕ್ಷೆ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನದು. ಎಬಿಆರ್‌ಎಸ್‌ಎಂನವರು 2020ರಲ್ಲಿ ವಿಡಿಯೊ ಕಳಿಸುವ ಪರೀಕ್ಷೆ ಶುರು ಮಾಡಿದರು. ಇವಳ ಮೊದಲ ಗ್ರೇಡ್ ನಮ್ಮ ಮನೆ ಹಾಲ್‌ನಲ್ಲಿ ಇದೇ ಪಿಯಾನೊದಲ್ಲಿ ಆಯಿತು. ಕುಕ್ಕರ್ ಕೂಗಬಾರದು ಅಂತ ಅವತ್ತು ಅಡುಗೆ ಮಧ್ಯಾಹ್ನ ಎರಡಕ್ಕೆ.

ಐದನೇ ಗ್ರೇಡ್‌ಗೆ ಬಂದ ಮೇಲೆ ಇದರ ಮಿತಿ ಕಾಣುತ್ತಿದೆ. ತೀರಾ ಮೆಲ್ಲಗಿನ ಜಾಗಗಳಲ್ಲಿ ಮಿಸ್ ಮನೆಯ ಅಪ್‌ರೈಟ್ ಕೊಡುವ ಸೂಕ್ಷ್ಮ ಇಲ್ಲಿ ಸಿಗಲ್ಲ. ಈಗ ವಾರಕ್ಕೆರಡು ದಿನ ಅಲ್ಲೇ ಹೋಗಿ ನುಡಿಸುತ್ತಾಳೆ. ಮೊದಲ ನಾಲ್ಕು ವರ್ಷದಲ್ಲಿ ಈ ವ್ಯತ್ಯಾಸ ನಮಗೆ ಕಂಡಿರಲೇ ಇಲ್ಲ. ಮೊದಲ ಪಿಯಾನೊಗೆ ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ.

2023ರಲ್ಲಿ ಪಿ-45 ಜಾಗಕ್ಕೆ ಪಿ-145 ಬಂದಿದೆ, ಕೀಗಳ ಒಳಗಿನ ಮೆಕ್ಯಾನಿಸಂ ಬದಲಾಗಿದೆ. ಹಾಗಾಗಿ ನನ್ನ ಮಾತು ಹಳೆಯದಕ್ಕೆ ಮಾತ್ರ. ಹೊಸದನ್ನು ವಾಲ್ಯೂಮ್ ಸೊನ್ನೆ ಮಾಡಿ ನೋಡಿ. ಸೆಕೆಂಡ್ ಹ್ಯಾಂಡ್ ಪಿ-45 ಸಿಕ್ಕರೆ 88 ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡದೆ ದುಡ್ಡು ಕೊಡಬೇಡಿ.

ನಮ್ಮದನ್ನು ಕೇಳಬೇಡಿ. ನಾದಿನಿ ತನ್ನ ಚಿಕ್ಕ ಮಗನಿಗೆ ಅಂತ ಈಗಲೇ ಹೇಳಿಟ್ಟಿದ್ದಾಳೆ. ಮಂಡ್ಯಕ್ಕೆ ಹೋಗುವಾಗ ಮಣೆ ಎರಡೂ ಜೊತೆಗೆ ಹೋಗುತ್ತವೆ, ಅವನಿಗೆ ಇನ್ನೂ ಆರು ವರ್ಷ.